ನಂಬುವವರಿಗೆ ತೋರಿಸುವ ಅಂಕಿ

ಗಾಡಿಯ ಮುಂದೆ ಕಾಣುವ ಅಂಕಿ ನಿಜವನ್ನೇ ಹೇಳಿದರೆ ಹೇಗಿದ್ದೀತು? ಇಪ್ಪತ್ತೆರಡು ವರ್ಷಗಳ ಹಿಂದೆ ಅಥಣಿಯ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾನೂ ನನ್ನ ವಿದ್ಯಾರ್ಥಿ ನೇಮಿನಾಥ ಮಗದುಮನೂ ಈ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಕುಳಿತೆವು. ಆಗ ಬ್ಯಾಟರಿ ಗಾಡಿಗಳು ಊರಿಗೆ ಬರತೊಡಗಿದ್ದವು. ಒಮ್ಮೆ ಚಾರ್ಜ್ ಮಾಡಿದರೆ ನೂರಾ ಇಪ್ಪತ್ತು ಕಿಲೋಮೀಟರ್ ಎಂದು ಅಂಗಡಿಯವನು ಹೇಳುತ್ತಿದ್ದ. ಗಾಡಿ ಎಪ್ಪತ್ತಕ್ಕೆ ನಿಲ್ಲುತ್ತಿತ್ತು. ಅಂಗಡಿಯವನು ಬೇಕೆಂದು ಸುಳ್ಳು ಹೇಳುತ್ತಿದ್ದನೆಂದಲ್ಲ. ಗಾಡಿ ಮಾಡಿದವರು ಅದನ್ನು ತಂಪಾದ ಕೋಣೆಯಲ್ಲಿ ಉರುಳೆಗಳ ಮೇಲೆ ನಿಲ್ಲಿಸಿ, ಎದುರುಗಾಳಿ ಇಲ್ಲದೆ, ಏರು ಇಲ್ಲದೆ, ಒಬ್ಬನೇ ಸವಾರನ ತೂಕ ಹೇರಿ ಓಡಿಸಿ ಆ ಅಂಕಿ ತೆಗೆದಿದ್ದರು. ನಮ್ಮ ಕಡೆ ಗಾಡಿಯ ಮೇಲೆ ಒಬ್ಬನೇ ಕೂತು ಹೋಗುವವನು ಯಾರು? ಹಿಂದೆ ಹೆಂಡತಿ, ಮುಂದೆ ಮಗು, ಕಾಲ ಬಳಿ ಜೋಳದ ಚೀಲ, ತಲೆಯ ಮೇಲೆ ಬಿಸಿಲು.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಹೊರಗಿನಿಂದ ತಿಳಿಯುವುದು ಕಷ್ಟ. ಡಬ್ಬಿಯೊಳಗಿನ ಎಣ್ಣೆಯ ಹಾಗೆ ಅದು ಕಣ್ಣಿಗೆ ಕಾಣುವುದಿಲ್ಲ. ವೋಲ್ಟೇಜ್ ನೋಡಿ ಊಹೆ ಮಾಡಬಹುದು. ಆದರೆ ದಣಿದ ಬ್ಯಾಟರಿಯನ್ನು ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ವೋಲ್ಟೇಜ್ ತಾನಾಗಿ ಏರುತ್ತದೆ. ಒಳಗೆ ಹೊಸದಾಗಿ ಏನೂ ಸೇರಿರುವುದಿಲ್ಲ. ಸೇರಿದ ಹಾಗೆ ಕಾಣುತ್ತದೆ, ಅಷ್ಟೆ. ನಾವು ಬೇರೆ ದಾರಿ ಹಿಡಿದೆವು. ಕೊಳ್ಳುವ ಮೊದಲು ಮಡಕೆಯನ್ನು ಬೆರಳಿನಿಂದ ಬಡಿದು ನೋಡುವುದಿಲ್ಲವೇ, ಹಾಗೆ ಬ್ಯಾಟರಿಯ ಪ್ರತಿ ಸೆಲ್ಲನ್ನೂ ಬಡಿದು ನೋಡುವುದು. ಜೋಳದ ಕಾಳಿನಷ್ಟು ದೊಡ್ಡ ಮಣಿಯೊಂದನ್ನು ಸೆಲ್ಲಿಗೆ ಅಂಟಿಸಿದರೆ, ಅದು ನಿಮಿಷಕ್ಕೊಮ್ಮೆ ಕಿವಿಗೆ ಕೇಳದಂಥ ಸದ್ದು ಮಾಡಿ, ಆ ಸದ್ದು ಸೆಲ್ಲನ್ನು ದಾಟಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುತ್ತದೆ. ತುಂಬಿದ ಸೆಲ್ಲಿನಲ್ಲಿ ಸದ್ದಿಗೆ ಒಂದು ವೇಗ, ಬರಿದಾದದ್ದರಲ್ಲಿ ಇನ್ನೊಂದು ವೇಗ. ಮಣಿಗೆ ಊಹೆ ಮಾಡಲು ಬಾರದು. ಅದಕ್ಕೆ ಸುಳ್ಳೂ ಬಾರದು.

ಅದಕ್ಕೆ ನಾಡಿ ಎಂದು ಹೆಸರಿಟ್ಟವಳು ನನ್ನ ಹೆಂಡತಿ ಮನೋರಮೆ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಪ್ರಯೋಗಶಾಲೆಯಲ್ಲಿ ನಮಗೆ ಹೊತ್ತಿನ ಪರಿವೆ ಇರುತ್ತಿರಲಿಲ್ಲವಾದ್ದರಿಂದ ಅವಳು ದಿನವೂ ಐದು ಗಂಟೆಗೆ ಡಬ್ಬಿ ಕಳಿಸುತ್ತಿದ್ದಳು. ನನಗೊಂದು, ನೇಮಿಗೊಂದು. ನಾಲ್ಕು ವರ್ಷ ಹಾಗೆ ನಡೆಯಿತು. ನೇಮಿ ಅವಳನ್ನು ಎಲ್ಲರಂತೆ ಅಕ್ಕಾರು ಎಂದು ಕರೆಯುತ್ತಿದ್ದ. ನಮಗೆ ಮಕ್ಕಳಿರಲಿಲ್ಲ.

ವಿಜಯಪುರ ರಸ್ತೆಯಲ್ಲಿ ಹಂಸಗತಿ ಎಂಬ ಗಾಡಿ ಕಾರ್ಖಾನೆ ಬಂದಾಗ ನಾಡಿಯನ್ನು ಅವರು ತೆಗೆದುಕೊಂಡರು. ನೇಮಿ ಅಲ್ಲಿಗೆ ಕೆಲಸಕ್ಕೆ ಹೋಗಿ, ಬರಬರುತ್ತ ನಿಯಂತ್ರಣ ಕೊಠಡಿಯ ಮುಖ್ಯಸ್ಥನಾದ. ನಾನು ಸಲಹೆಗಾರನೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದೆ. ಪೆಟ್ರೋಲ್ ಗಾಡಿ ಮಾರುವುದು ನಿಂತು ಈಗ ಎಂಟು ವರ್ಷ. ಮೂರು ಜಿಲ್ಲೆಗಳಲ್ಲಿ ಒಂದು ಲಕ್ಷ ನಲವತ್ತು ಸಾವಿರ ಹಂಸಗತಿ ಗಾಡಿಗಳಿವೆ. ಎಲ್ಲದರ ಮೇಲೂ ‘ನಾಡಿ’ ಎಂಬ ಹಸಿರು ಚೀಟಿ ಅಂಟಿಸಿದೆ.

ಕಳೆದ ವೈಶಾಖದ ಚತುರ್ದಶಿಯ ದಿನ ಮೂವತ್ತೊಂದು ಕಿಲೋಮೀಟರ್ ದೂರದ ಹಾಲಹಳ್ಳಿಯ ಬಸದಿಯಲ್ಲಿ ಮುನಿಗಳೊಬ್ಬರು ತಂಗಿದ್ದರು. ಮುನಿಗಳ ಆಹಾರಕ್ಕೆ ನಲ್ಲಿಯ ನೀರು ನಡೆಯುವುದಿಲ್ಲ, ಬಾವಿಯ ನೀರೇ ಆಗಬೇಕು. ಹಾಲಹಳ್ಳಿಯ ಬಾವಿಗಳು ತಳ ಕಂಡಿದ್ದವು. ನಮ್ಮ ಹಿತ್ತಿಲ ಬಾವಿಯಲ್ಲಿ ನೀರಿತ್ತು. ಮನೋರಮೆ ಎರಡು ಕ್ಯಾನುಗಳಷ್ಟು ಸೇದಿ, ಬಟ್ಟೆಯಲ್ಲಿ ಸೋಸಿ, ತನ್ನ ಗಾಡಿಗೆ ಕಟ್ಟಿಕೊಂಡಳು. ಚತುರ್ದಶಿಯಾದ್ದರಿಂದ ಅವಳಿಗೆ ನೀರೂ ಇಲ್ಲದ ಉಪವಾಸ.

“ನಾನೂ ಬರ್ತೇನಿ” ಎಂದೆ.

“ನೀವು ಕೂತರ ನೀರಿನ ಕ್ಯಾನ್ ಎಲ್ಲಿಡ್ಲಿ? ಮುನಿಗಳಿಗೆ ಬೇಕಾದದ್ದು ನೀರು, ನೀವಲ್ಲ” ಎಂದು ನಕ್ಕಳು.

“ಚಾರ್ಜ್ ನೋಡಿದ್ಯೇನು?”

“ನೂರಾ ಹನ್ನೆರಡು ಐತಿ. ಹೋಗಿ ಬರೂದು ಅರವತ್ತೆರಡು. ನಿಮ್ಮ ನಾಡಿ ಎಂದಾದರೂ ಸುಳ್ಳು ಹೇಳತೈತೇನು?”

ಅವಳು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಮಧ್ಯಾಹ್ನ ಮೂರಕ್ಕೆ ರಸ್ತೆ ಕೆಲಸದವರು ಫೋನ್ ಮಾಡಿದರು. ಊರಿನಿಂದ ಒಂಬತ್ತು ಕಿಲೋಮೀಟರ್ ಆಚೆ, ಒಂದು ಜಾಲಿಗಿಡದ ಕೆಳಗೆ ಗಾಡಿಯನ್ನು ಹಿಡಿದುಕೊಂಡೇ ಕುಸಿದಿದ್ದಳಂತೆ. ಅಂದು ನಲವತ್ತಮೂರು ಡಿಗ್ರಿ ಬಿಸಿಲು. ಬಾಯಿಗೆ ನೀರು ಹಿಡಿದರೆ ಕೈಯಾಡಿಸಿ ಬೇಡವೆಂದಳಂತೆ. ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮುಗಿದಿತ್ತು.

ನೇಮಿ ಹೆಗಲು ಕೊಟ್ಟ. ಮೂರು ದಿನ ನಮ್ಮ ಮನೆಯಲ್ಲೇ ಇದ್ದ. ಮೂರನೆಯ ದಿನ ನನ್ನ ಪಕ್ಕದಲ್ಲಿ ಕುಳಿತು ತಲೆ ತಗ್ಗಿಸಿ ಹೇಳಿದ: “ಅಕ್ಕಾರು ಅಂಕಿ ನೋಡದ ಹೊಂಟಿರಬೇಕು ಸರ. ವಯಸ್ಸಾಗಿತ್ತಲ್ಲ.” ಹದಿನೈದು ದಿನದ ನಂತರ ಕಾರ್ಖಾನೆಯಿಂದ ಬಂದ ಪತ್ರದಲ್ಲೂ ಅದೇ ಇತ್ತು. ಸವಾರರ ಅಜಾಗರೂಕತೆ.

ಅಕ್ಕಿಯನ್ನು ಮೂರು ಸಲ ಆರಿಸದೆ ಒಲೆಗೆ ಇಡದವಳು ಅವಳು. ಹುಳ ಸತ್ತೀತೆಂದು ದೀಪದ ಮೇಲೆ ಗಾಜಿನ ಬುರುಡೆ ಮುಚ್ಚುವವಳು. ಅವಳು ಅಂಕಿ ನೋಡದೆ ಹೊರಟಳೆಂದರೆ ನನಗೆ ಒಪ್ಪಿಗೆಯಾಗಲಿಲ್ಲ. ಅವಳು ಕಂಡ ಅಂಕಿ ಯಾವುದು? ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಸತ್ತವಳನ್ನು ಮರಳಿ ಕೇಳುವಷ್ಟು ಮೂಢ ನಾನಲ್ಲ. ಅವಳ ಹೆಸರಿಗೆ ಅಂಟಿಸಿದ ಆ ಒಂದು ಮಾತು ನಿಜವೋ ಸುಳ್ಳೋ, ಅದಷ್ಟು ಗೊತ್ತಾಗಬೇಕಿತ್ತು.

ಪೊಲೀಸರು ಗಾಡಿಯನ್ನು ಆಷಾಢದಲ್ಲಿ ಮರಳಿ ತಂದು ಅಂಗಳದಲ್ಲಿ ನಿಲ್ಲಿಸಿದರು. ನಾನು ಅದಕ್ಕೊಂದು ಹೊದಿಕೆ ಹಾಕಿ ದೂರವೇ ಇದ್ದೆ. ಒಂದು ಬೆಳಗ್ಗೆ ಸೊಪ್ಪು ಮಾರುವ ಕಲ್ಲವ್ವ ತನ್ನ ಗಾಡಿಯನ್ನು ಬಾಗಿಲಿಗೆ ತಂದು ನಿಲ್ಲಿಸಿದಳು. ಅವಳದೂ ಹಂಸಗತಿಯೇ. ಹಿಂದೆ ಮುಂದೆ ಮೆಂತ್ಯ, ರಾಜಗಿರಿ, ಹುಣಸಿಕ್ಕಿ ಸೊಪ್ಪಿನ ಗಂಟು.

“ಏನ್ರೀ ಸರ, ಗಾಡಿಗೂ ಸೂತಕ ಏನು? ಹೊದಿಕಿ ತಗೀರಿ. ಬ್ಯಾಟರಿ ಕೆಟ್ಟ ಹೋಗತೈತಿ.”

“ನಿನ್ನ ಗಾಡಿ ಎಷ್ಟು ಓಡತೈತಿ ಕಲ್ಲವ್ವಾ?”

“ಮೀಟರ್ ಎಪ್ಪತ್ತು ಅಂತೈತಿ. ಎಪ್ಪತ್ತ ಓಡತೈತಿ. ಮೊದಲು ನೂರು ತೋರಿಸ್ತಿತ್ತು ಮೂಳ. ನಾ ಅದನ್ನ ನಂಬತಿದ್ದಿಲ್ಲರೀ. ಅರ್ಧ ಆತಂದ್ರ ಚಾರ್ಜಿಗೆ ಹಚ್ಚತಿದ್ದೆ. ಬರಬರತಾ ತಾನ ಎಪ್ಪತ್ತಕ್ಕ ಇಳೀತು. ನನಗ ಹೆದರತೈತಿ ಅದು.”

“ನಿನಗ್ಯಾರು ಹೆದರೂದಿಲ್ಲ ಹೇಳು.”

“ನನ್ನ ಗಂಡ ಹೆದರತಿದ್ದಿಲ್ಲ. ಅದಕ್ಕ ಹೋದ” ಎಂದು ನಕ್ಕು, ಕೂಡಲೇ ನಾಲಿಗೆ ಕಚ್ಚಿಕೊಂಡು, ಒಂದು ಕಟ್ಟು ಸೊಪ್ಪು ಮೆಟ್ಟಿಲ ಮೇಲಿಟ್ಟು ಹೋದಳು.

ಅವಳು ಹೋದ ಮೇಲೂ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಮಣಿ ಬಡಿದು ಅಳೆಯುವ ಅಂಕಿ ಸವಾರನ ಸ್ವಭಾವ ನೋಡಿ ಬದಲಾಗಬಾರದು. ಕಲ್ಲವ್ವ ನಂಬಲಿ ಬಿಡಲಿ, ಸೆಲ್ಲಿನೊಳಗಿನದು ಅಷ್ಟೇ ಇರುತ್ತದೆ. ನಾನು ಹೊದಿಕೆ ತೆಗೆದು, ಹಳೆಯ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತಂದು, ಮನೋರಮೆಯ ಗಾಡಿಯ ಬ್ಯಾಟರಿ ಪೆಟ್ಟಿಗೆ ಬಿಚ್ಚಿದೆ. ಸೆಲ್ಲುಗಳ ಸಾಲು ಇತ್ತು. ಪ್ರತಿ ಸೆಲ್ಲಿನ ನೆತ್ತಿಯ ಮೇಲೆ ಮಣಿ ಕೂರಿಸಲು ನಾನೇ ನಕ್ಷೆ ಬರೆದುಕೊಟ್ಟ ಸಣ್ಣ ಗುಳಿ ಇತ್ತು. ಗುಳಿಗಳೆಲ್ಲ ಖಾಲಿ. ಒಂದರಲ್ಲೂ ಮಣಿ ಇರಲಿಲ್ಲ. ಅಂಟು ಹಚ್ಚಿದ ಗುರುತೂ ಇರಲಿಲ್ಲ. ಹೊರಗೆ ಹಸಿರು ಚೀಟಿ ಮಾತ್ರ ಹೊಳೆಯುತ್ತಿತ್ತು.

ಮರುದಿನ ಹತ್ತು ಗಂಟೆಗೆ ನಾನು ಕಾರ್ಖಾನೆಗೆ ಹೋದೆ. ನಿಯಂತ್ರಣ ಕೊಠಡಿಯನ್ನು ಹೊರಗಿನವರಿಗೆ ತೋರಿಸುವುದಿಲ್ಲ. ಬಾಗಿಲಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿಯಾದ್ದರಿಂದ ಎದ್ದು ನಿಂತು ಒಳಗೆ ಬಿಟ್ಟ. ಗೋಡೆಯ ಉದ್ದಕ್ಕೂ ಒಂದು ಪರದೆ. ಅದರಲ್ಲಿ ಮೂರು ಜಿಲ್ಲೆಗಳ ರಸ್ತೆಗಳು. ರಸ್ತೆಗಳ ಮೇಲೆ ಕಾಳು ಚೆಲ್ಲಿದ ಹಾಗೆ ಚುಕ್ಕೆಗಳು, ಒಂದೊಂದೂ ಒಂದು ಗಾಡಿ. ಪ್ರತಿ ಚುಕ್ಕೆಯ ಪಕ್ಕದಲ್ಲಿ ಎರಡು ಅಂಕಿಗಳು, ಒಂದು ಬಿಳಿ, ಒಂದು ಹಳದಿ. ಎಲ್ಲೋ ಕೆಲವು ಕಡೆ ಎರಡೂ ಒಂದೇ. ಹೆಚ್ಚಿನ ಕಡೆ ಹಳದಿ ದೊಡ್ಡದು.

ನೇಮಿ ನನ್ನನ್ನು ಕಂಡು ಓಡಿ ಬಂದ. ಕುರ್ಚಿ ಎಳೆದು ಕೂರಿಸಿದ.

“ಮಣಿ ಎಲ್ಲಿ ನೇಮಿ?” ಎಂದೆ.

ಅವನು ಕೊಠಡಿಯಲ್ಲಿದ್ದವರನ್ನೆಲ್ಲ ಚಹಾಕ್ಕೆ ಕಳಿಸಿದ. ಆಮೇಲೆ ನನ್ನೆದುರು ಕುಳಿತ.

“ತಗದು ಆರು ವರ್ಷ ಆತು ಸರ.”

“ತುಟ್ಟಿ ಆಗತಿತ್ತೇನು?”

“ಅಲ್ಲ ಸರ. ಮಣಿ ಖರೆ ಹೇಳತಿದ್ದದ್ದು ಗಾಡಿಯೊಳಗ, ಸವಾರನ ಮುಂದ. ಇವರಿಗೆ ಖರೆ ಇಲ್ಲಿ ಬೇಕಾಗಿತ್ತು, ಈ ಕೋಣ್ಯಾಗ.” ಪರದೆಯ ಕಡೆ ಕೈ ತೋರಿಸಿದ. “ಬಿಸಿಲು, ಗಾಳಿ, ಏರು, ಹೇರು, ಬ್ಯಾಟರಿ ವಯಸ್ಸು, ಎಲ್ಲಾ ಕೂಡಿಸಿ ಇಲ್ಲೇ ಲೆಕ್ಕ ಹಾಕತೇವಿ. ಬಿಳೀ ಅಂಕಿ ಖರೇದು. ಹಳದಿ ಅಂಕಿ ಸವಾರಗ ತೋರಿಸೂದು.”

ಅವನೇ ಮುಂದುವರಿಸಿದ. ಪೆಟ್ರೋಲ್ ಗಾಡಿ ನಿಂತ ಮೇಲಿನ ಮೊದಲ ಬೇಸಿಗೆಯಲ್ಲಿ ಮಣಿ ನಿಜ ಹೇಳಿದಾಗ ಒಂದೇ ದಿನ ಎಲ್ಲ ಗಾಡಿಗಳ ಅಂಕಿ ಮೂರನೆಯ ಒಂದು ಪಾಲು ಬಿದ್ದಿತ್ತಂತೆ. ಜನ ಹೆದರಿ ಎಲ್ಲರೂ ಒಟ್ಟಿಗೆ ಚಾರ್ಜಿಗೆ ಬಂದರು. ಸಾಲು ಎರಡು ಕಿಲೋಮೀಟರ್ ಬೆಳೆಯಿತು, ಹೊಡೆದಾಟವಾಯಿತು, ಬಿಸಿಲಲ್ಲಿ ಸಾಲಿನಲ್ಲೇ ಇಬ್ಬರು ಸತ್ತರು. ಆಗ ಅಂಕಿಯನ್ನು ಸ್ವಲ್ಪ ಹದ ಮಾಡಿ ತೋರಿಸಬೇಕೆಂದು ತೀರ್ಮಾನವಾಯಿತು. ಹದ ಮಾಡಿದ ಮೇಲೆ ಸಾಲು ಕರಗಿ, ಚಾರ್ಜ್ ಸಿಗದೆ ನಡುದಾರಿಯಲ್ಲಿ ನಿಲ್ಲುವ ಗಾಡಿಗಳು ದಿನಕ್ಕೆ ಮುನ್ನೂರರಿಂದ ತೊಂಬತ್ತಕ್ಕೆ ಇಳಿದವು.

“ತೊಂಬತ್ತು” ಎಂದೆ.

“ಹೌದ್ರಿ ಸರ. ಮೊದಲು ಮುನ್ನೂರಿತ್ತು.”

“ಆ ತೊಂಬತ್ತು ಯಾರು?”

ಅವನು ಪರದೆಯ ಕಡೆ ತಿರುಗಿದ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನಾನು ಆಗ ಇನ್ನೂ ತಿಳಿದಿದ್ದೆ.

“ಯಾರಿಗೆ ಎಷ್ಟು ಏರಿಸಬೇಕು ಅಂತ ನಾವು ಹೇಳೂದಿಲ್ಲ ಸರ. ಯಂತ್ರ ತಾನ ಕಲೀತು. ಕೆಲವರು ಅಂಕಿ ಎಷ್ಟ ಇದ್ದರೂ ಅರ್ಧಕ್ಕ ತಿರುಗಿ ಬರತಾರ. ಅಂಥವರಿಗೆ ಸುಳ್ಳು ಹೇಳಿದರೂ ಲಾಭ ಇಲ್ಲ. ಅವರಿಗೆ ಖರೇನ ತೋರಿಸತೈತಿ. ಕೆಲವರು ಅಂಕೀನ ಪೂರಾ ನಂಬತಾರ. ಅವರು ಸಾಲಿಗೆ ಬರೂದಿಲ್ಲ. ನಿಂತರೂ ತಕರಾರು ಮಾಡೂದಿಲ್ಲ, ತಮ್ಮದ ತಪ್ಪು ಅಂತ ತಿಳೀತಾರ. ಅವರಿಗೆ ಜಾಸ್ತಿ ಏರಿಸಿದರ ಉಳಿದವರಿಗೆ ಚಾರ್ಜಿಗೆ ಜಾಗ ಸಿಗತೈತಿ.”

“ನಂಬಿದವರ ಪಾಲು ಕಸಗೊಂಡು ನಂಬಲಾರದವರಿಗೆ ಕೊಟ್ಟೀರಿ.”

“ಎಲ್ಲಾರಿಗೂ ಒಂದು ನಂಬಿಗಿ ಅಂಕ ಇರತೈತಿ ಸರ. ನೂರಕ್ಕ.”

“ಅವಳದು ಎಷ್ಟಿತ್ತು?”

ಅವನು ಕೀಲಿಮಣೆಯ ಮೇಲೆ ಕೈಯಿಟ್ಟು, ಹೆಸರು ಬರೆಯದೆ, ಅವಳ ಗಾಡಿಯ ಸಂಖ್ಯೆಯನ್ನು ನೆನಪಿನಿಂದಲೇ ಹೊಡೆದ. ತೊಂಬತ್ತೊಂಬತ್ತು ಎಂದು ಬಂತು. ಒಂದು ಲಕ್ಷ ನಲವತ್ತು ಸಾವಿರದಲ್ಲಿ ಅಷ್ಟು ನಂಬಿದವರು ಮೂವತ್ತೆಂಟು ಜನ. ನನ್ನ ಹೆಂಡತಿ ನನ್ನ ಮೇಲಿಟ್ಟ ನಂಬಿಕೆಯನ್ನು ಆ ಯಂತ್ರ ಅಳೆದು, ಅದಕ್ಕೆ ತಕ್ಕಷ್ಟು ಅವಳಿಗೆ ಮೋಸ ಮಾಡಿತ್ತು.

ಅಂದಿನ ದಾಖಲೆ ತೆಗೆಯೆಂದೆ. ಅವನು ಬೇಡ ಸರ ಎಂದ. ತೆಗೆಯೆಂದೆ.

ಹೊರಡುವಾಗ ಹಳದಿ ನೂರಾ ಹನ್ನೆರಡು, ಬಿಳಿ ಐವತ್ತೆರಡು. ಹಾಲಹಳ್ಳಿಯಿಂದ ಮರಳುವಾಗ ಹಳದಿ ಅರವತ್ನಾಲ್ಕು, ಬಿಳಿ ಹತ್ತೊಂಬತ್ತು. ಹಾಲಹಳ್ಳಿ ದಾಟಿ ನಾಲ್ಕು ಕಿಲೋಮೀಟರಿಗೆ ರಸ್ತೆ ಬದಿಯಲ್ಲೇ ಚಾರ್ಜ್ ಮಾಡುವ ಜಾಗವಿತ್ತು. ಅವಳು ಅಲ್ಲಿ ನಿಲ್ಲಿಸಿರಲಿಲ್ಲ. ಅರವತ್ತು ತೋರಿಸುವಾಗ ಯಾಕೆ ನಿಲ್ಲಿಸಬೇಕು? ಹತ್ತೊಂಬತ್ತನೆಯ ಕಿಲೋಮೀಟರಿನಲ್ಲಿ ಹಳದಿ ಮೂವತ್ತೆಂಟು ಇದ್ದದ್ದು ಒಮ್ಮೆಲೇ ಒಂಬತ್ತಕ್ಕೆ ಬಿದ್ದು ಗಾಡಿ ನಿಂತಿತು.

ಅಲ್ಲಿಂದ ಮುಂದೆ ದಾಖಲೆಯಲ್ಲಿ ಹದಿನೇಳು ಸಾಲುಗಳಿದ್ದವು. ನಿಂತು ಹತ್ತು ನಿಮಿಷಕ್ಕೆ ಕೀಲಿ ತಿರುಗಿಸಿದ್ದಾಳೆ, ಅಂಕಿ ಏಳು. ಇನ್ನೂರು ಮೀಟರ್ ಹೋಗಿ ನಿಂತಿದೆ. ಮತ್ತೆ ಕಾದಿದ್ದಾಳೆ, ಆರು. ನೂರೈವತ್ತು ಮೀಟರ್. ಮತ್ತೆ ಐದು. ದಣಿದ ಬ್ಯಾಟರಿ ಒಂದಿಷ್ಟು ಚೇತರಿಸಿಕೊಂಡ ಹಾಗೆ ತೋರಿ ಪ್ರತಿ ಸಲವೂ ಅವಳನ್ನು ಕರೆದಿದೆ. ನಡುವೆ ಗಾಡಿಯನ್ನು ನೂಕಿದ್ದಾಳೆ. ಹನ್ನೊಂದನೆಯ ಸಲ ನಾಲ್ಕು. ಹನ್ನೆರಡನೆಯ ಸಲ ಆರು. ಹದಿನೇಳನೆಯ ಸಲ ಐದು. ಆಮೇಲೆ ಸಾಲು ಇಲ್ಲ. ಮೂರು ತಾಸಿನಲ್ಲಿ ಅವಳು ಸಾಗಿದ್ದು ಮೂರು ಕಿಲೋಮೀಟರ್.

ಅವಳು ನನಗೆ ಯಾಕೆ ಫೋನ್ ಮಾಡಲಿಲ್ಲ ಎಂದು ನಾನು ಎರಡು ತಿಂಗಳು ನನ್ನನ್ನೇ ಕೇಳಿಕೊಂಡಿದ್ದೆ. ಉತ್ತರ ಆ ಹದಿನೇಳು ಸಾಲುಗಳಲ್ಲಿತ್ತು. ಪ್ರತಿ ಸಲವೂ ಅಂಕಿ ಇನ್ನೂ ಇತ್ತು.

“ಈ ಕೋಣ್ಯಾಗ ಯಾರೂ ಇದನ್ನ ನೋಡಲಿಲ್ಲೇನು?”

“ದಿನಾ ತೊಂಬತ್ತು ಗಾಡಿ ನಿಲ್ಲತಾವ ಸರ. ಯಂತ್ರ ನೋಡತೈತಿ. ಮನಶ್ಯಾ ನೋಡೂದಿಲ್ಲ.”

ಹಳದಿ ಅಂಕಿಯನ್ನು ಇವತ್ತೇ ತೆಗೆದುಹಾಕು ಎಂದೆ. ಅವನು ಒಂದು ಫೈಲು ತಂದು ನನ್ನ ಮುಂದಿಟ್ಟ. ‘ಸವಾರರ ಸಮಾಧಾನಕ್ಕಾಗಿ ಅಂಕಿಯನ್ನು ಹದಗೊಳಿಸುವ ಕುರಿತು’ ಎಂಬ ಕಾಗದ. ಕೆಳಗೆ ನನ್ನ ಸಹಿ. ಇದನ್ನು ಹೊರಗೆ ಯಾರಿಗೂ ತಿಳಿಸುವುದಿಲ್ಲವೆಂಬ ಮಾತೂ ಅದರಲ್ಲೇ ಇತ್ತು. ಆರು ವರ್ಷದ ಹಿಂದಿನ ದೀಪಾವಳಿಯ ದಿನ ಅವನು ಬೇಸನ್ ಉಂಡಿಯ ಡಬ್ಬಿಯ ಜೊತೆ ತಂದ ಕಾಗದಗಳಲ್ಲಿ ಇದೂ ಒಂದಿರಬೇಕು. ನಾನು ಓದಿರಲಿಲ್ಲ. ನೇಮಿ ತಂದದ್ದನ್ನು ನಾನೇಕೆ ಓದಲಿ?

“ನಿಮ್ಮ ಸಹಿ ಇಲ್ಲದ ಇದು ಆಗತಿದ್ದಿಲ್ಲ ಸರ” ಎಂದ. ಕುಹಕವಿರಲಿಲ್ಲ ಅವನ ದನಿಯಲ್ಲಿ. ಅದೇ ಹೆಚ್ಚು ಕಷ್ಟವಾಯಿತು.

ಮನೆಗೆ ಬಂದು ಅನೇಕ ದಿನ ಬಾಯಿ ಬಿಡದೆ ಕುಳಿತೆ. ಕೊಟ್ಟ ಮಾತು ಮುರಿಯುವುದೇ, ಸುಳ್ಳಿಗೆ ನೆರಳಾಗಿ ಇರುವುದೇ? ಎರಡರಲ್ಲೂ ವ್ರತಭಂಗವಿದೆ. ನಿಜ ಹೇಳಬೇಕೆಂದರೆ ಭಯವೂ ಇತ್ತು. ಊರಿನ ಅರ್ಧ ಜನ ಆ ಗಾಡಿ ಕೊಂಡಿದ್ದು ನನ್ನ ಹೆಸರಿನ ಮೇಲೆ. ಒಂದು ಬೆಳಗ್ಗೆ ಬಸದಿಗೆ ಹೋಗುವಾಗ ಬಸದಿಯ ಟ್ರಸ್ಟಿನ ಭರಮಪ್ಪ ತನ್ನ ಗಾಡಿ ನಿಲ್ಲಿಸಿ, “ಸರ, ನಿಮ್ಮ ನಾಡಿ ನೂರಾ ಹದಿನೈದು ಅನ್ನಾಕ್ಹತ್ತೈತಿ. ಸೊಸೀನ ಕರಕೊಂಡು ಕುಂಭೋಜಕ್ಕ ಹೊಂಟೇನಿ” ಎಂದ. ಕುಂಭೋಜ ಎಂಬತ್ತು ಕಿಲೋಮೀಟರಿಗೂ ಮಿಕ್ಕ ದಾರಿಯೆಂದು ನನಗೆ ಗೊತ್ತು. “ನಡುವ ಎಲ್ಲಾದರೂ ಚಾರ್ಜ್ ಮಾಡಿಕೊಳ್ಳಪಾ” ಎಂದು ಮಾತ್ರ ಹೇಳಿದೆ. “ನೂರಾ ಹದಿನೈದು ಐತಲ್ಲರೀ” ಎಂದು ಅವನು ನಕ್ಕ.

ಭಾದ್ರಪದ ಬಂತು. ದಶಲಕ್ಷಣ ಪರ್ವದ ಹತ್ತು ದಿನ ಕಳೆದು ಕ್ಷಮಾವಣಿಯ ದಿನ ಬಂತು. ಅಂದು ನಮ್ಮಲ್ಲಿ ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಎಲ್ಲರೆದುರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಉತ್ತಮ ಕ್ಷಮಾ ಎಂದು ಒಬ್ಬರು, ಉತ್ತಮ ಕ್ಷಮಾ ಎಂದು ಇನ್ನೊಬ್ಬರು. ಯಾವ ತಪ್ಪು ಎಂದು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕೇಳದೆ ಇರುವುದೇ ಅದರ ಸೊಬಗೆಂದು ನಾನು ಎಪ್ಪತ್ತು ವರ್ಷ ತಿಳಿದಿದ್ದೆ.

ಪೂಜೆ ಮುಗಿದ ಮೇಲೆ, ಹಿರಿಯನೆಂದು ನನಗೆ ಮೊದಲು ಮಾತಾಡಲು ಹೇಳಿದರು. ಸಭೆಯಲ್ಲಿ ಮುನ್ನೂರು ಜನರಿದ್ದರು. ಹೆಂಗಸರ ಸಾಲಿನಲ್ಲಿ ಮನೋರಮೆ ಕುಳಿತುಕೊಳ್ಳುತ್ತಿದ್ದ ಕಂಬದ ಬಳಿ ಯಾರೋ ಬೇರೆಯವರು ಕುಳಿತಿದ್ದರು. ನಾನು ಎದ್ದು ನಿಂತು ಕೈಮುಗಿದೆ.

“ನಾನು ತಿಳಿದು ಮಾಡಿದ ತಪ್ಪು ಒಂದೈತಿ. ಅದನ್ನ ಹೆಸರು ಹಿಡಿದ ಹೇಳಿ ಕ್ಷಮೆ ಕೇಳತೇನಿ” ಎಂದೆ. “ನಿಮ್ಮ ಗಾಡಿಯೊಳಗ ನಾಡಿ ಇಲ್ಲ. ಆರು ವರ್ಷದಿಂದ ಇಲ್ಲ. ನಿಮಗ ಕಾಣೂ ಅಂಕಿ ಖರೆ ಅಲ್ಲ. ಯಾರು ಹೆಚ್ಚು ನಂಬತಾರೋ ಅವರಿಗೆ ಹೆಚ್ಚು ಸುಳ್ಳು ತೋರಿಸತೈತಿ. ಅದಕ್ಕ ನಾನು ಸಹಿ ಮಾಡೇನಿ. ಓದದ ಮಾಡೇನಿ. ತಿಳಿದ ಮ್ಯಾಲೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡು ಕೂತೇನಿ. ನನ್ನ ಹೆಂಡತಿ ಅಂಕಿ ನೋಡದ ಹೋಗಿ ಸತ್ತಳು ಅಂತ ಕಾಗದ ಬಂದೈತಿ. ಆಕಿ ಅಂಕಿ ನೋಡಿದ್ದಳು. ಹದಿನೇಳು ಸಲ ನೋಡಿದ್ದಳು.”

ಗಂಡಸರ ಸಾಲಿನಿಂದ ನೇಮಿ ಎದ್ದು ಬಂದ. ಬಿಳಿ ಪಂಚೆ, ಉತ್ತರೀಯ. ಹತ್ತು ದಿನ ಒಪ್ಪತ್ತು ಮಾತ್ರ ಉಣ್ಣುವ ಏಕಾಶನದಿಂದ ಮುಖ ಇಳಿದಿತ್ತು. ನನ್ನ ಕಾಲಿಗೆ ಬಾಗಿ ಕೈಮುಗಿದು ನಿಂತ.

“ಉತ್ತಮ ಕ್ಷಮಾ ಸರ. ತಿಳಿದೋ ತಿಳಿಯದನೋ ನನ್ನಿಂದ...”

“ತಿಳಿಯದ ಆದದ್ದು ಬಿಡು. ತಿಳಿದು ಮಾಡಿದ್ದನ್ನ ಹೇಳು” ಎಂದೆ.

“ಸರ, ಹಂಗ ಕೇಳಬಾರದ್ರಿ” ಎಂದು ಹಿಂದಿನಿಂದ ಭರಮಪ್ಪ ಮೆಲ್ಲಗೆ ಅಂದ. “ಪದ್ಧತಿ ಅಲ್ಲ.”

ನಾನು ಕಾದೆ. ನೇಮಿ ಮಣಿಗಳ ಮಾತು ಹೇಳುತ್ತಾನೆ, ಹಳದಿ ಅಂಕಿಯ ಮಾತು ಹೇಳುತ್ತಾನೆ ಎಂದುಕೊಂಡಿದ್ದೆ. ಅಷ್ಟು ಹೇಳಿದರೆ, ಜನರೆದುರು ಹೇಳಿದರೆ, ಕ್ಷಮಿಸಿಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡೇ ಕೇಳಿದ್ದೆ.

ಅವನು ನನ್ನ ಮುಖ ನೋಡದೆ ಹೇಳಿದ: “ಅವತ್ತು ನಾನು ಕೋಣ್ಯಾಗ ಇದ್ದೆ ಸರ. ಒಂದ ಗಾಡಿ ಹತ್ತು ಸಲ ಚಾಲೂ ಬಂದ್ ಆದರ ಗಂಟಿ ಬಾರಿಸತೈತಿ. ನೋಡಿದೆ. ಅಕ್ಕಾರ ಹೆಸರಿತ್ತು.”

ಅವನು ಉತ್ತರೀಯ ಎಳೆದುಕೊಂಡು ಮುಂದುವರಿಸಿದ.

“ಸವಾರರಿಗೆ ನಾವು ಫೋನ್ ಮಾಡೂ ಹಂಗಿಲ್ಲ. ಮಾಡಿದರ ಅಂಕಿ ಸುಳ್ಳು ಅಂತ ನಾವ ಒಪ್ಪಿದಂಗ ಆಗತೈತಿ. ಆದರ ಅದಕ್ಕಲ್ಲ ಸರ. 
ಅಂಕಿ ನಾಲ್ಕಕ್ಕ ಬಂದಿತ್ತು. ಇನ್ನೊಂದೆರಡು ಇಳಿದರ ಅಕ್ಕಾರು ನಿಮಗ ಫೋನ್ ಮಾಡತಾರ ಅನಿಸಿತು. ನೀವು ಬಂದರ ಬ್ಯಾಟರಿ ಬಿಚ್ಚಿ ನೋಡತೀರಿ ಅನಿಸಿತು. ನಾನ ನನ್ನ ಕೈಲೆ ನಾಲ್ಕು ಇದ್ದದ್ದನ್ನ ಆರು ಮಾಡಿದೆ.”

ಹನ್ನೊಂದನೆಯ ಸಲ ನಾಲ್ಕು, ಹನ್ನೆರಡನೆಯ ಸಲ ಆರು. ಬ್ಯಾಟರಿ ಚೇತರಿಸಿಕೊಂಡಿತೆಂದು ನಾನು ಲೆಕ್ಕ ಹಾಕಿದ್ದೆ. ಭೌತಶಾಸ್ತ್ರ ಕಲಿಸಿದವನಲ್ಲವೇ.

“ನಡಕೋತ ಮನಿ ಮುಟ್ಟತಾರ ಅಂತ ತಿಳಿದಿದ್ದೆ ಸರ. ಉಪವಾಸ ಅಂತ ನೆನಪಿರಲಿಲ್ಲ” ಎಂದ. ಆಮೇಲೆ ಮತ್ತೆ ಕೈಮುಗಿದ. “ಉತ್ತಮ ಕ್ಷಮಾ ಸರ.”

ಮುನ್ನೂರು ಜನ ನನ್ನನ್ನು ನೋಡುತ್ತಿದ್ದರು. ಆ ದಿನ, ಆ ಜಾಗದಲ್ಲಿ, ಆ ಮಾತಿಗೆ ಒಂದೇ ಉತ್ತರವಿದೆ. ಮಕ್ಕಳಿಗೂ ಗೊತ್ತಿರುವ ಉತ್ತರ. ನಾನು ಕೈ ಜೋಡಿಸಲು ಹೋದೆ. ಕೈ ಮೇಲೇಳಲಿಲ್ಲ. ಅವನು ಹಾಗೇ ಬಾಗಿ ನಿಂತಿದ್ದ. ನಾನು ಪಾದರಕ್ಷೆ ಹಾಕಿಕೊಳ್ಳುವುದನ್ನೂ ಮರೆತು ಬಿಸಿಲಿಗೆ ನಡೆದೆ.

ಆಮೇಲಿನದು ಬೇಗ ಹೇಳಬಹುದು. ನನ್ನ ಮಾತು ಬಸದಿಯಿಂದ ಪೇಟೆಗೆ, ಪೇಟೆಯಿಂದ ಹಳ್ಳಿಗಳಿಗೆ ಹೋಯಿತು. ಕಾರ್ಖಾನೆಯವರು ನನ್ನ ಮೇಲೆ ಮೊಕದ್ದಮೆ ಹೂಡಿದ್ದಾರೆ. ಹಳದಿ ಅಂಕಿಯನ್ನು ಮಾತ್ರ ತೆಗೆಯಲಿಲ್ಲ. ತೆಗೆಯುವ ಅವಶ್ಯಕತೆಯೂ ಬೀಳಲಿಲ್ಲ. ಜನ ಅರ್ಧಕ್ಕೇ ತಿರುಗಿ ಬರತೊಡಗಿದರು. ಐವತ್ತು ತೋರಿಸುವಾಗಲೇ ಚಾರ್ಜಿಗೆ ಹಚ್ಚತೊಡಗಿದರು. ಯಂತ್ರ ಅದನ್ನು ನೋಡಿತು, ಒಬ್ಬೊಬ್ಬರ ನಂಬಿಕೆಯ ಅಂಕ ಇಳಿಸಿತು, ಅಂಕಿಗಳು ತಾವಾಗಿಯೇ ಇಳಿಯುತ್ತ ಬಂದವು. ದೀಪಾವಳಿಯ ಹೊತ್ತಿಗೆ ಊರಿನ ಹೆಚ್ಚಿನ ಗಾಡಿಗಳು ನಿಜ ಹೇಳುತ್ತಿದ್ದವು. ಯಾರೂ ಅವನ್ನು ನಂಬುತ್ತಿರಲಿಲ್ಲ.

ಜನ ನನಗೆ ಕೈಮುಗಿದಾರೆಂದು ನಾನೇನೂ ಎಣಿಸಿರಲಿಲ್ಲ. ಆದರೂ ಭರಮಪ್ಪ ಒಂದು ಬೆಳಗ್ಗೆ ದಾರಿಯಲ್ಲಿ ಗಾಡಿ ಅಡ್ಡ ನಿಲ್ಲಿಸಿದಾಗ ನಾನು ಸಿದ್ಧನಿರಲಿಲ್ಲ.

“ನೋಡ್ರಿ ಸರ, ಅರವತ್ತಾರು” ಎಂದ. “ನೂರಾ ಹದಿನೈದು ಓಡತಿದ್ದ ಗಾಡಿ. ನಿಮ್ಮ ಮಾತಿಂದ ಐವತ್ತು ಕಿಲೋಮೀಟರ್ ಹೋತು.”

“ಅದು ಮೊದಲೂ ಅರವತ್ತಾರ ಓಡತಿತ್ತು ಭರಮಪ್ಪ.”

“ಮೊದಲು ಧೈರ್ಯಾನರ ಇತ್ತಲ್ಲರೀ. ಚಾರ್ಜಿನ ಸಾಲಿನ್ಯಾಗ ತಾಸುಗಟ್ಟಲೆ ನಿಂತು ನಮ್ಮ ಸೊಸಿ ಕಾಲು ಬಾತಾವ. ನಿಮ್ಮ ಮನ್ಯಾಗ ಆದದ್ದು ಆಗಿ ಹೋಗಿತ್ತು. ಎಲ್ಲಾರ ಮನ್ಯಾಗೂ ಹಚ್ಚಬೇಕಾಗಿತ್ತೇನು?”

ನನ್ನ ಹಿಂದೆ ಸೊಪ್ಪಿನ ಗಾಡಿ ನಿಲ್ಲಿಸಿದ್ದ ಕಲ್ಲವ್ವ ಉತ್ತರ ಕೊಟ್ಟಳು. “ಹೋಗೋ ಯಪ್ಪಾ, ನಿನ್ನ ಸೊಸಿ ನಡುದಾರ್ಯಾಗ ಕೂತಿದ್ದರ ಗೊತ್ತಾಗತಿತ್ತು ಧೈರ್ಯ.” ಆಮೇಲೆ ನನ್ನ ಕಡೆ ತಿರುಗಿ, “ನನ್ನದು ಇನ್ನೂ ಎಪ್ಪತ್ತರಾಗ ಐತಿ ನೋಡ್ರಿ. ನನ್ನ ಜೋಡಿ ಆಟ ನಡೆಯೂದಿಲ್ಲ” ಎಂದಳು.

ಕಾರ್ಖಾನೆಯಿಂದ ಎರಡನೆಯ ಪತ್ರವೂ ಬಂತು. ಅಜಾಗರೂಕತೆ ಎಂಬ ಮಾತನ್ನು ಹಿಂದಕ್ಕೆ ಪಡೆದಿದ್ದೇವೆ ಎಂದಿತ್ತು. ಅದಕ್ಕಾಗಿಯೇ ನಾನು ಇಷ್ಟೆಲ್ಲ ಮಾಡಿದ್ದು. ಓದಿ ಮಡಚಿ ಇಟ್ಟೆ. ಮನಸ್ಸು ಹಗುರಾಗಲಿಲ್ಲ.

ನೇಮಿ ಕೆಲಸ ಬಿಟ್ಟನೆಂದು ಕೇಳಿದೆ. ಯಾವುದೋ ತೀರ್ಥಕ್ಷೇತ್ರದಲ್ಲಿ ಯಾತ್ರಿಕರಿಗೆ ಅಡಿಗೆ ಮಾಡಿಕೊಂಡಿದ್ದಾನಂತೆ. ಒಂದು ಸಲ ಪತ್ರ ಬರೆದಿದ್ದ. ಅದರಲ್ಲಿ ಇನ್ನೇನೂ ಇರಲಿಲ್ಲ, ಉತ್ತಮ ಕ್ಷಮಾ ಎಂಬ ಆ ಎರಡೇ ಶಬ್ದಗಳಿದ್ದವು. ಬಸದಿಯ ಪಂಡಿತರು ನನ್ನನ್ನು ಕರೆದು, ಇಷ್ಟು ವರ್ಷ ಧರ್ಮದಲ್ಲಿ ನಡೆದವರು ನೀವು, ವೈರದ ಗಂಟನ್ನು ಮುಂದಿನ ಜನ್ಮಕ್ಕೆ ಒಯ್ಯಬೇಡಿ ಎಂದರು. ಅವರು ಹೇಳಿದ್ದು ಸರಿ. ನಾನು ಅವರಿಗಿಂತ ಚೆನ್ನಾಗಿ ಬಲ್ಲೆ.

ಸಂಜೆ ಸಾಮಾಯಿಕದ ಧ್ಯಾನಕ್ಕೆ ಕೂರುತ್ತೇನೆ. ಎಲ್ಲ ಜೀವಿಗಳನ್ನೂ ನಾನು ಕ್ಷಮಿಸುತ್ತೇನೆ ಎಂಬ ಮಾತು ಬರುವವರೆಗೆ ಪಾಠ ಸರಾಗವಾಗಿ ಹೋಗುತ್ತದೆ. ಇರುವೆಯಿಂದ ಹಿಡಿದು ದೇವತೆಗಳವರೆಗೆ ಎಲ್ಲರೂ ಆ ಮಾತಿನಲ್ಲಿದ್ದಾರೆ. ಒಬ್ಬನನ್ನು ಬಿಟ್ಟು ಎನ್ನುವುದಕ್ಕೆ ಅದರಲ್ಲಿ ಜಾಗವಿಲ್ಲ. ಸುಳ್ಳಾಗಿ ಅದನ್ನು ಹೇಳಿ ಮುಗಿಸಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿಗೆ ಬಂದಾಗ ನಿಲ್ಲಿಸುತ್ತೇನೆ. ಸ್ವಲ್ಪ ಹೊತ್ತು ಕಾಯುತ್ತೇನೆ. ಆಮೇಲೆ ಚಾಪೆ ಸುತ್ತಿಟ್ಟು ಏಳುತ್ತೇನೆ.